ಹಂಚಿನ ತಮ್ಮಣ್ಣನ ಕಿವಿ

ಅವತ್ತು ತಮ್ಮಣ್ಣ ಸಂತೆಯಿಂದ ತಂದ ತೆಂಗಿನಕಾಯಿ ಕೊಳೆತಿತ್ತು.

ಇದೂ ಒಂದು ಸುದ್ದಿಯೇ ಅಂತ ಕೇಳಿದರೆ, ಖಾನಾಪುರದ ಮಟ್ಟಿಗೆ ಸುದ್ದಿಯೇ. ಹೊಳೆದಂಡೆಯ ಹಂಚಿನ ಕಾರಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಹಂಚು ಬಡಿದು ನೋಡುವ ಕೆಲಸ ಮಾಡಿದವನು ತಮ್ಮಣ್ಣ. ಭಟ್ಟಿ ಆರಿ ಹಂಚು ಹೊರಗೆ ಬಂದವೆಂದರೆ ಒಂದೊಂದನ್ನೂ ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈ ಬೆರಳಿನ ಗಿಣ್ಣಿನಿಂದ ಬಡಿಯುವನು. ಮುಂದೆ ಒಂದು ಸಲ, ತಿರುವಿ ಹಿಂದೆ ಒಂದು ಸಲ. ಖಣ್ ಅಂದರೆ ಒಳ್ಳೆಯದರ ಸಾಲಿಗೆ, ದಬ್ ಅಂದರೆ ಒಡಕಿನ ಗುಂಪಿಗೆ. ಕಣ್ಣಿಗೆ ಕಾಣದ ಬಿರುಕು ಅವನ ಕಿವಿಗೆ ಕೇಳುತ್ತಿತ್ತು. ಅವನು ಆರಿಸಿ ಕೊಟ್ಟ ಹಂಚು ಮಳೆಗಾಲದಲ್ಲಿ ಸೋರಿತು ಅಂತ ಯಾರೂ ಬಾಯಿ ಮಾಡಿಕೊಂಡು ಬಂದದ್ದಿಲ್ಲ.

ಆ ಚಟ ಅವನನ್ನು ಮನೆಗೂ ಸಂತೆಗೂ ಬಿಡುತ್ತಿರಲಿಲ್ಲ. ಕಲ್ಲಂಗಡಿ ಬಡಿಯುವನು, ಕುಂಬಾರರ ಕೊಡ ಬಡಿಯುವನು, ಕೊಳ್ಳದಿದ್ದರೂ ಬಡಿಯುವನು. ಬೀಗರ ಮನೆಗೆ ಹೋದರೆ ಬಾಗಿಲು ಬಡಿದು, "ಈ ಹಲಗಿಗೆ ಒಳಗ ಹುಳಾ ಹತ್ತೈತಿ" ಅಂತ ಹೇಳಿ ಬೈಸಿಕೊಂಡು ಬರುವನು.

ಸಾವಂತ್ರವ್ವ ಕಾಯಿ ಒಡೆದಳು. ಮನೆ ತುಂಬ ನಾತ.

"ಇದನ್ನ ಬಡದ ತಂದೀರೇನ್ರಿ?" ಅಂದಳು.

"ಬಡದ ತಂದೀನಿ. ಅಲ್ಲಿ ಚಲೋ ಇತ್ತು."

"ಬರೂ ದಾರ್ಯಾಗ ಕೊಳೀತೇನ ಹಂಗಾರ?"

"ಸಂತ್ಯಾಗ ಗದ್ದಲ ಭಾಳ. ಬಾಜೂಕ ಇಲಿ ಔಷಧ ಮಾರಾಂವ ಮೈಕ್ ಹಚ್ಚಿದ್ದ."

"ಆ ಮೈಕಿನಾಂವಗ ಹೇಳ್ರಿ, ನಾಳಿ ಚಟ್ನಿಗೆ ಕಾಯಿ ಅವನ ತಂದ ಕೊಡ್ಲಿ."

ಮಗ ಗುರುಪುತ್ರ ನಕ್ಕ. ತಮ್ಮಣ್ಣನೂ ನಕ್ಕ. ಆಮೇಲೆ ಎರಡು ರೊಟ್ಟಿ, ಝುಣಕ ತಿಂದ. ಮತ್ತರ್ಧ ರೊಟ್ಟಿ ಕೇಳಿ ತಿಂದ. ಕಾಲಿನ ಹಿಮ್ಮಡಿ ಒಡೆದಿದೆ ಅಂತ ಎಣ್ಣೆ ಹಚ್ಚಿಕೊಂಡ. ಮಲಗಿದ. ಅಷ್ಟೇ. ೧೯೮೭ನೆಯ ಇಸವಿ, ಮಾಘ ಮಾಸ. ಅವರ ಸಂಸಾರದ ಕೊನೆಯ ದಿನ ಹೀಗೆ ಕೊಳೆತ ಕಾಯಿಯ ಮಾತಿನಲ್ಲಿ ಮುಗಿಯಿತು.

ಮರುದಿನ ಹತ್ತು ಗಂಟೆಗೆ ಅವನನ್ನು ಕಾರಖಾನೆಯ ಕೈಗಾಡಿಯಲ್ಲಿ ತಂದರು. ಹಂಚು ಬಡಿಯುತ್ತಿದ್ದವನು ಎದೆ ಹಿಡಿದುಕೊಂಡು ಕೂತನಂತೆ, ಸಾಲಿಗೆ ಒರಗಿದನಂತೆ. ನೀರು ತರುವುದರೊಳಗೆ ಆಗಿತ್ತು. ದವಾಖಾನೆ ಇಲ್ಲ, ಔಷಧ ಇಲ್ಲ, ಕಾಯುವುದೂ ಇಲ್ಲ.

ಕಾಯುವುದೆಲ್ಲ ಅವರು ಮೊದಲೇ ಕಾದು ಮುಗಿಸಿದ್ದರು. ಹನ್ನೊಂದು ವರ್ಷದ ಹಿಂದೆ, ಬೆಳಗಾವಿಯ ದೊಡ್ಡ ದವಾಖಾನೆಯಲ್ಲಿ, ಇಪ್ಪತ್ತಾರು ದಿನ.

ಈಗ ಗಂಡನ ನೆನಪಾದರೆ ಸಾವಂತ್ರವ್ವನಿಗೆ ಮದುವೆ ನೆನಪಾಗುವುದಿಲ್ಲ. ಆ ಇಪ್ಪತ್ತಾರು ದಿನ ನೆನಪಾಗುತ್ತವೆ. ಕೆಟ್ಟ ದಿನಗಳೇ. ಆದರೆ ಗಂಡ ಹಗಲೆಲ್ಲ ಕಣ್ಣಿಗೆ ಬೀಳುತ್ತಿದ್ದ ದಿನಗಳು ಅವಷ್ಟೇ. ಊರಲ್ಲಿ ಅವನು ನಸುಕಿನಲ್ಲಿ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ಉಂಡರೆ ನಿದ್ದೆ. ಹತ್ತು ವರ್ಷದ ಸಂಸಾರದಲ್ಲಿ ಅವನ ಮುಖವನ್ನು ಬಿಸಿಲಿನಲ್ಲಿ ಇಷ್ಟು ಹೊತ್ತು ನೋಡಿದ್ದು ಅಲ್ಲಿಯೇ ಮೊದಲು. ಎಡಹುಬ್ಬಿನ ಮೇಲೆ ಒಂದು ಹಳೆಯ ಸುಟ್ಟ ಗಾಯ ಇದೆ ಅನ್ನುವುದನ್ನು ಅವಳು ದವಾಖಾನೆಯ ಬೆಂಚಿನ ಮೇಲೆ ಕೂತು ಕಂಡಳು.

ಅದು ೧೯೭೬ರ ಆಷಾಢ. ಗುರುಪುತ್ರನಿಗೆ ಏಳು ವರ್ಷ. ಹೆತ್ತದ್ದು ಮೂರು, ಉಳಿದದ್ದು ಅವನೊಬ್ಬ. ದಡಾರ ಎದ್ದು ಇಳಿದಿತ್ತು, ಜ್ವರ ಮಾತ್ರ ಇಳಿಯಲಿಲ್ಲ. ಉಸಿರಾಡಿದರೆ ಮೂಗಿನ ಹೊಳ್ಳೆ ಅಗಲ ಆಗುತ್ತಿತ್ತು. ಎಡಮಗ್ಗುಲಿಗೇ ಮಲಗುವನು, ಬಲಕ್ಕೆ ಹೊರಳಿಸಿದರೆ ಚೀರುವನು. ಖಾನಾಪುರದ ಡಾಕ್ಟರು ನೋಡಿ, "ಇವತ್ತ ಬೆಳಗಾಂವಿಗೆ ಒಯ್ಯಿರಿ. ನಾಳಿ ಅನಬ್ಯಾಡ್ರಿ" ಅಂದರು.

ಮಳೆ ಹಿಡಿದು ಹೊಡೆಯುತ್ತಿತ್ತು. ಮಗನನ್ನು ಕೌದಿಯಲ್ಲಿ ಸುತ್ತಿ ತಮ್ಮಣ್ಣ ತೊಡೆಯ ಮೇಲೆ ಇಟ್ಟುಕೊಂಡು ರೈಲಿನಲ್ಲಿ ಕೂತ. ಬೆಳಗಾವಿ ಸ್ಟೇಶನ್ನಿಗೆ ಇಳಿದು ಟಾಂಗಾ ಹತ್ತುವಾಗ, "ಛತ್ರಿ ಅವನ ಮ್ಯಾಲ ಹಿಡಿ, ನನ್ನ ಮ್ಯಾಲ ಯಾಕ ಹಿಡೀತಿ?" ಅಂತ ಹೆಂಡತಿಗೆ ಬೈದ. ಅವಳು ಮಗನ ಮೇಲೆಯೇ ಹಿಡಿದಿದ್ದಳು.

ಮಕ್ಕಳ ವಾರ್ಡಿನಲ್ಲಿ ಒಂದು ಕಾಟಿಗೆ ಒಬ್ಬ ತಾಯಿ. ಗಂಡಸರು ಹೊರಗೆ. ತಮ್ಮಣ್ಣ ವರಾಂಡದ ಕಿಟಕಿಯ ಸರಳು ಹಿಡಿದು ನಿಂತ. ಅಲ್ಲಿಂದ ಮಗನ ಕಾಟು ನಾಲ್ಕು ಮಾರು ದೂರ.

ಬಾಜೂ ಕಾಟಿನಲ್ಲಿ ಹಿಂಡಲಗಾದ ಮದರಬೀಯ ಮಗಳು. ಹುಣಸೆಮರದಿಂದ ಬಿದ್ದು ತೊಡೆ ಮುರಿದುಕೊಂಡಿದ್ದಳು. ಕಾಲಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಎರಡು ಇಟ್ಟಿಗೆ ಜೋತುಬಿಟ್ಟಿದ್ದರು. ಭೇಟಿಯ ಹೊತ್ತಿನಲ್ಲಿ ಒಳಗೆ ಬಂದ ತಮ್ಮಣ್ಣ ಮೊದಲು ಆ ಇಟ್ಟಿಗೆ ಬಡಿದು ನೋಡಿದ.

"ಇದು ಬೆಂದಿಲ್ಲ. ಹಸೇದು" ಅಂದ.

ಮದರಬೀ ಸೆರಗು ಬಾಯಿಗೆ ಹಿಡಿದು ನಕ್ಕಳು. "ಅಣ್ಣಾ, ಅದರ ಮ್ಯಾಲ ಮನಿ ಕಟ್ಟೂದಿಲ್ಲ ನಾವು. ಕಾಲ ಕಟ್ಟಾಕತ್ತೀವಿ."

ಆ ಹೊತ್ತಿನಿಂದ ಅವಳು ಅವನಿಗೆ ತಂಗಿಯಾದಳು.

ಮೊದಲ ದಿನ ಡಾಕ್ಟರು ಬಂದರು. ತಲೆ ನರೆತ ಮನುಷ್ಯ. ಮಗನ ಅಂಗಿ ಎತ್ತಿ, ಎಡಗೈ ಬೆರಳನ್ನು ಎದೆಯ ಮೇಲೆ ಒತ್ತಿ ಇಟ್ಟು, ಬಲಗೈಯ ಬೆರಳಿನಿಂದ ಆ ಬೆರಳಿನ ಮೇಲೆ ಬಡಿದರು. ಮೇಲೆ, ಕೆಳಗೆ, ಬಲಕ್ಕೆ, ಎಡಕ್ಕೆ. ಆಮೇಲೆ ಕೂರಿಸಿ ಬೆನ್ನಿಗೆ ಬಡಿದರು.

ಕಿಟಕಿಯಲ್ಲಿ ತಮ್ಮಣ್ಣನ ಕತ್ತು ಉದ್ದವಾಯಿತು. ದವಾಖಾನೆಗೆ ಬಂದ ಮೇಲೆ ಅವನಿಗೆ ತಿಳಿಯುವ ಒಂದೇ ಒಂದು ಕೆಲಸ ಅಲ್ಲಿ ನಡೆಯುತ್ತಿತ್ತು. ಸೂಜಿ ಗೊತ್ತಿಲ್ಲ, ಬಾಟಲಿ ಗೊತ್ತಿಲ್ಲ, ಗೋಡೆಯ ಮೇಲಿನ ಬರಹ ಗೊತ್ತಿಲ್ಲ. ಬಡಿದು ನೋಡುವುದು ಗೊತ್ತು.

ಎದೆಗೆ ಬಡಿದಾಗ ಖಣ್ ಅಲ್ಲದಿದ್ದರೂ ಟೊಳ್ಳಿನ ಒಳ್ಳೆಯ ದನಿ ಬಂತು. ಬೆನ್ನಿನ ಬಲಕ್ಕೂ ಬಂತು. ಬೆನ್ನಿನ ಎಡಕ್ಕೆ, ಕೆಳಗಡೆ, ದಬ್.

ಮತ್ತೆ ಬಡಿದರು. ದಬ್.

"ಪುಪ್ಪಸದ ಸುತ್ತ ಕೀವು ತುಂಬೇದ" ಅಂತ ಡಾಕ್ಟರು ಸಿಸ್ಟರಿಗೆ ಹೇಳಿದರು. ಅಂದೇ ಸೂಜಿ ಹಾಕಿ ಸ್ವಲ್ಪ ತೆಗೆದರು. ಹೊತ್ತಿಗೊಂದು ಇಂಜೆಕ್ಷನ್ ಬರೆದರು.

ಸಾವಂತ್ರವ್ವ ವರಾಂಡಕ್ಕೆ ಬಂದಳು. ಗಂಡ ಕಿಟಕಿಯ ಸರಳನ್ನು ಇನ್ನೂ ಹಿಡಿದುಕೊಂಡೇ ಇದ್ದ.

"ನಿಮಗ ಹೆಂಗ ಕೇಳಿಸ್ತರಿ?" ಅಂದಳು.

"ಚಲೋ ಐತಿ" ಅಂದ. "ಹಳೇ ಡಾಕ್ಟರು. ಕೈ ಪಳಗೈತಿ."

ಅವಳು ಹೂಂ ಅಂದಳು.

ತಮ್ಮಣ್ಣ ಒಂದು ಸಂಗತಿ ಮರೆತಿದ್ದ. ಸಾವಂತ್ರವ್ವ ಬೀಡಿ ಅನ್ನುವ ಊರಿನ ಕುಂಬಾರರ ಮನೆಯ ಮಗಳು. ಆವಿಗೆಯಿಂದ ತೆಗೆದ ಗಡಿಗೆಗಳನ್ನು ಬುಟ್ಟಿಗೆ ತುಂಬುವ ಮೊದಲು ಬಡಿದು ನೋಡುವುದು ಅವರ ಮನೆಯಲ್ಲಿ ಹೆಣ್ಣುಮಕ್ಕಳ ಕೆಲಸ. ಐದು ವರ್ಷದವಳಿದ್ದಾಗಿನಿಂದ ಮಾಡಿದ್ದಳು. ಖಾನಾಪುರಕ್ಕೆ ಬಂದ ಮೇಲೆ ಆ ಕೆಲಸ ಗಂಡಸರದು, ಹೆಂಗಸರು ಮಣ್ಣು ಹೊರುವವರು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕಾಟಿನ ಬಾಜೂಕೆ ನಿಂತಿದ್ದ ಅವಳಿಗೆ ಆ ದಬ್ ಗಂಡನಿಗಿಂತ ಹತ್ತಿರದಿಂದ ಕೇಳಿತ್ತು.

ಹೀಗೆ ದಿನ ಹೋದವು. ದಿನಾ ಡಾಕ್ಟರು ಬಂದು ಬಡಿಯುವರು. ದಿನಾ ಅವಳು ವರಾಂಡಕ್ಕೆ ಬಂದು ಕೇಳುವಳು. ದಿನಾ ಅವನು ಚಲೋ ಐತಿ ಅನ್ನುವನು. ಅವಳು ಹೂಂ ಅನ್ನುವಳು. ಅವನಿಗೆ ಹೆಂಡತಿ ಹೆದರಿಯಾಳು ಅಂತ. ಅವಳಿಗೆ, ಗಂಡ ಆ ಒಂದು ಮಾತನ್ನು ಹಿಡಿದುಕೊಂಡೇ ನಿಂತಿದ್ದಾನೆ, ಅದನ್ನೂ ಕಿತ್ತುಕೊಂಡರೆ ಬಿದ್ದಾನು ಅಂತ.

ಊಟಕ್ಕೆ ಬೆಳಗಾವಿಯದೇ ಭಾಗವಾದ ಶಹಾಪುರ. ಸಾವಂತ್ರವ್ವನ ದೊಡ್ಡವ್ವನ ಮಗಳು ಬಾಳವ್ವ ಅಲ್ಲಿ ನೇಕಾರರ ಓಣಿಯಲ್ಲಿದ್ದಳು. ದಿನಾ ಹತ್ತು ಗಂಟೆಗೆ ತಮ್ಮಣ್ಣ ಮಳೆಯಲ್ಲಿ ನಡೆದು ಹೋಗಿ ರೊಟ್ಟಿಯ ಗಂಟು ತರುವನು. ಬಂದವನು ಕಿವಿಯಲ್ಲಿ ಬೆರಳು ತಿರುವಿಕೊಳ್ಳುವನು.

"ಆ ಓಣ್ಯಾಗ ಮಗ್ಗದ ಗದ್ದಲಕ್ಕ ಮಂದಿ ಹೆಂಗ ಬದಕತಾರೋ. ಒಂದ ತಾಸ ನನಗ ಏನೂ ಕೇಳಂಗಿಲ್ಲ."

"ಅದಕ್ಕ ಬಾಳಕ್ಕ ಒದರಿ ಮಾತಾಡತಾಳ" ಅನ್ನುವಳು ಸಾವಂತ್ರವ್ವ.

"ಅಕಿ ಮದಿವಿಗಿಂತ ಮೊದಲೂ ಒದರತಿದ್ಲು."

ಬೆಂಚಿನ ಮೇಲೆ ರೊಟ್ಟಿ ಬಿಚ್ಚಿ ಇಬ್ಬರೂ ತಿನ್ನುವರು. ಮದುವೆಯಾದ ಮೇಲೆ ಅವರು ಒಟ್ಟಿಗೆ ಕೂತು ಉಂಡದ್ದು ಅಲ್ಲಿಯೇ. ಊರಲ್ಲಿ ಅವನದಾದ ಮೇಲೆ ಅವಳದು. ಇಲ್ಲಿ ಒಂದೇ ಗಂಟು, ಒಂದೇ ಬೆಂಚು, ನೋಡುವ ಅತ್ತೆ ಇಲ್ಲ. ಮೊದಲ ಎರಡು ದಿನ ಅವಳು ಮುಖ ಆ ಕಡೆ ಮಾಡಿ ತಿಂದಳು. ಮೂರನೆಯ ದಿನ ಅವನೇ, "ಈ ಕಡೆ ತಿರಗು. ಗ್ವಾಡಿ ಜೋಡಿ ಉಣ್ಣಾಕತ್ತೀಯೇನ?" ಅಂದ.

ಗುರುಪುತ್ರನಿಗೆ ಒಂದೇ ಚಿಂತೆ. ಪಂಚಮಿ ಬರುತ್ತಿತ್ತು. ಊರಲ್ಲಿ ಓಣಿಯ ಬೇವಿನಮರಕ್ಕೆ ಜೋಕಾಲಿ ಕಟ್ಟುವರು.

"ಎಪ್ಪಾ, ಜೋಕಾಲಿ ಕಟ್ಟೂದ್ರಾಗ ನಾ ಊರಾಗ ಇರತೀನಲ್ಲ?"

"ಇರತಿ."

"ಆಣಿ ಮಾಡು."

ತಮ್ಮಣ್ಣ ಮಗನ ನೆತ್ತಿಯ ಮೇಲೆ ಕೈ ಇಟ್ಟ. ಸಾವಂತ್ರವ್ವ ಮುಖ ತಿರುಗಿಸಿದಳು. ಆಣೆ ಮಾಡುವ ಮಾತೇ ಅದು?

ಹದಿನಾಲ್ಕನೆಯ ದಿನ, ಪಂಚಮಿಯ ಹಿಂದಿನ ದಿನ. ಎರಡು ದಿನದಿಂದ ಜ್ವರ ಇಳಿದಂತೆ ಇತ್ತು. ಮಗ ಎದ್ದು ಕೂತು ಬಾಳವ್ವ ಕಳಿಸಿದ ಹಬ್ಬದ ಜೋಳದ ಅಳ್ಳು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಿದ್ದ. ಮಧ್ಯಾಹ್ನ ಸಾವಂತ್ರವ್ವ ನಳದ ಹತ್ತಿರ ಬಟ್ಟೆ ಹಿಂಡುತ್ತಿದ್ದಳು. ಆ ಹೊತ್ತಿಗೆ ತಮ್ಮಣ್ಣ ಒಳಗೆ ಹೋದ. ಮಗನ ಅಂಗಿ ಎತ್ತಿದ. ಡಾಕ್ಟರು ಇಡುವ ಹಾಗೆಯೇ ಎಡಗೈ ಬೆರಳು ಇಟ್ಟು ಬಡಿದ.

ಸಿಸ್ಟರ್ ಬಂದವರು ಬಾಗಿಲಲ್ಲೇ ನಿಂತರು. "ಏನ್ರಿ ಇದು? ನೀವು ಯಾವಾಗ ಡಾಕ್ಟರ್ ಆದ್ರಿ?"

"ಸಿಸ್ಟರ್, ಅವರು ಹಂಚಿನ ಡಾಕ್ಟರು" ಅಂದಳು ಮದರಬೀ.

ಇಡೀ ವಾರ್ಡು ನಕ್ಕಿತು. ಸಿಸ್ಟರೂ ನಗು ತಡೆದುಕೊಂಡು, "ಐದು ನಿಮಿಷದಾಗ ಹೊರಗ ಹೋಗ್ರಿ" ಅಂತ ಊಟಕ್ಕೆ ಹೋದರು.

ಸಾವಂತ್ರವ್ವ ಒದ್ದೆ ಬಟ್ಟೆ ಹಿಡಿದು ಬಂದಾಗ ತಮ್ಮಣ್ಣ ಮಗನನ್ನು ಕೌದಿಯಲ್ಲಿ ಸುತ್ತುತ್ತಿದ್ದ. ತಾಟು, ತಂಬಿಗೆ ಚೀಲಕ್ಕೆ ಹೋಗಿದ್ದವು.

"ಎತ್ತಾಗ?"

"ಊರಿಗೆ. ಮೂರರ ಗಾಡಿ ಐತಿ."

"ಡಾಕ್ಟರು ಹೋಗ್ರಿ ಅಂದ್ರೇನು?"

"ಅವರನ್ನ ಏನ ಕೇಳೂದೈತಿ? ನಾ ಬಡದ ನೋಡೀನಿ. ಖಣಖಣ ಅಂತೈತಿ. ಬೇಕಾದ್ರ ಮದರಬೀನ ಕೇಳು."

"ಅಣ್ಣಾ, ನನ್ನ ನಡಕ ತರಬ್ಯಾಡ್ರಿ" ಅಂದಳು ಮದರಬೀ. ಈಗ ಅವಳು ನಗುತ್ತಿರಲಿಲ್ಲ. "ನನಗ ಹಂಚೂ ತಿಳ್ಯಂಗಿಲ್ಲ, ಎದೀನೂ ತಿಳ್ಯಂಗಿಲ್ಲ."

ಗುರುಪುತ್ರ ಅಪ್ಪನ ಹೆಗಲ ಮೇಲೆ ಗದ್ದ ಇಟ್ಟು, "ಎವ್ವಾ, ಜೋಕಾಲಿ" ಅಂತ ನಕ್ಕ. ಹದಿನಾಲ್ಕು ದಿನದಲ್ಲಿ ಮೊದಲ ಸಲ ನಕ್ಕಿದ್ದ.

ಸಾವಂತ್ರವ್ವ ಒದ್ದೆ ಬಟ್ಟೆಯನ್ನು ಕಾಟಿನ ಮೇಲೆ ಇಟ್ಟಳು. ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಗಂಡನ ಎದುರು ಹಾಗೆ ಅವಳು ಯಾವತ್ತೂ ನಿಂತವಳಲ್ಲ. ಸೆರಗು ತಲೆಯ ಮೇಲಿನಿಂದ ಜಾರಿತ್ತು, ಎಳೆದುಕೊಳ್ಳಲಿಲ್ಲ.

"ದಾರಿ ಬಿಡು."

"ಎಲ್ಲಿ ಬಡದ್ರಿ?"

"ಎದಿಗೆ."

"ಬೆನ್ನಿಗೆ?"

ತಮ್ಮಣ್ಣ ಮಗನನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ.

"ಹಂಚ ಒಂದ ಮಗ್ಗಲಾ ಬಡದ ಚಲೋ ಐತಿ ಅಂತ ಯಾವತ್ತರ ಅಂದೀರೇನ್ರಿ?" ಅಂದಳು. ದನಿ ಏರಿಸಲಿಲ್ಲ. "ಊರ ಮಂದಿ ಮನಿ ಸೋರಬಾರದಂತ ಎರಡೂ ಕಡೆ ಬಡೀತೀರಿ. ಹೊಟ್ಟ್ಯಾಗ ಹುಟ್ಟಿದ್ದನ್ನ ಒಂದ ಕಡೆ ಬಡದ ಒಯ್ತೀರಿ?"

"ಏ ಸಾವಂತ್ರಿ, ನಿನಗೇನ ತಿಳೀತೈತಿ?"

"ಎಡಗಡೆ ಬೆನ್ನ. ಪಕ್ಕಡಿ ಕೆಳಗ. ದಿನಾ ದಬ್ ಅಂತೈತಿ. ಇವತ್ತ ಮುಂಜಾನೀನೂ ಅಂತು. ನಾ ಬೀಡಿ ಕುಂಬಾರರ ಮಗಳು. ಈಗ ಬಡೀರಿ. ಖಣ್ ಅಂದ್ರ ಚೀಲಾ ನಾನ ಹೊತ್ಕೊಂಡ ಮುಂದ ಹೋಗತೀನಿ."

ವಾರ್ಡಿನಲ್ಲಿ ಯಾವ ಮಗುವೂ ಅಳಲಿಲ್ಲ. ಅಥವಾ ಅತ್ತದ್ದು ಅವಳಿಗೆ ಕೇಳಲಿಲ್ಲ.

ತಮ್ಮಣ್ಣ ಹೊಸ್ತಿಲ ಬಳಿ ಕುಕ್ಕರಗಾಲಿನಲ್ಲಿ ಕೂತ. ಮಗನನ್ನು ಹೆಗಲಿಗೆ ಒರಗಿಸಿ ಕೌದಿ ಸರಿಸಿದ. ಬೆರಳು ಇಟ್ಟ. ಬಡಿದ. ಬೆರಳು ಜರುಗಿಸಿ ಮತ್ತೆ ಬಡಿದ. ಹಂಚಿಗೆ ಎರಡೇ ಸಲ ಬಡಿಯುವವನು ಅಂದು ಆರು ಸಲ ಬಡಿದ. ಆರೂ ಒಂದೇ.

"ಮಗ್ಗದ ಗದ್ದಲಾ ಇನ್ನೂ ಕಿವ್ಯಾಗ ಐತಿ" ಅಂದ ಮೆಲ್ಲಗೆ.

ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡಳು.

ಅವನು ಎದ್ದು ಮಗನನ್ನು ಕಾಟಿಗೆ ಒಯ್ದು ಮಲಗಿಸಿದ. ಚೀಲದಿಂದ ತಂಬಿಗೆ ತೆಗೆದು ಮೊದಲಿನ ಜಾಗದಲ್ಲಿ ಇಟ್ಟ. ಗುರುಪುತ್ರ ಹೋ ಅಂತ ಅಳಹತ್ತಿದ. ಅತ್ತರೆ ಉಸಿರು ಸಿಗುತ್ತಿರಲಿಲ್ಲ, ಆದರೂ ಅಳುವನು. "ಆಣಿ ಮಾಡಿದ್ಯಲ್ಲ, ಆಣಿ ಮಾಡಿದ್ಯಲ್ಲ."

ಆಗ ತಮ್ಮಣ್ಣ ಹೆಂಡತಿಯ ಕಡೆ ನೋಡಿದ. "ಆ ತುದಿ ಹಿಡಿ" ಅಂದ.

ಕೌದಿಯ ತಲೆಕಡೆ ಅವನು ಹಿಡಿದ, ಕಾಲಕಡೆ ಅವಳು ಹಿಡಿದಳು. ಎರಡು ಕಾಟಿನ ನಡುವೆ, ಇಟ್ಟಿಗೆ ಜೋತುಬಿದ್ದ ಹಗ್ಗಕ್ಕೆ ತಾಗದ ಹಾಗೆ, ಮೆಲ್ಲಗೆ ತೂಗಿದರು. ಮದರಬೀ ಸಣ್ಣ ದನಿಯಲ್ಲಿ ಏನೋ ಹಾಡಿದಳು. ನಾಲ್ಕು ಸಲ ತೂಗಿದರು. ಐದನೆಯದಕ್ಕೆ ಮಗನಿಗೆ ಕೆಮ್ಮು ಬಂತು, ಇಳಿಸಿದರು.

ಸಂಜೆ ಡಾಕ್ಟರು ಬಂದು ಬಡಿದು, ಸೂಜಿಯಿಂದ ಆಗುವುದಿಲ್ಲ, ಪಕ್ಕೆಯಲ್ಲಿ ತೂತು ಮಾಡಿ ನಳಿಕೆ ಹಾಕಬೇಕು ಅಂದರು. ಹಾಕದಿದ್ದರೆ ಅಂತ ತಮ್ಮಣ್ಣ ಕೇಳಿದ. ಡಾಕ್ಟರು ಕಾಗದ ಮುಂದೆ ಹಿಡಿದರು. ಅವನು ಹೆಬ್ಬೆಟ್ಟು ಒತ್ತಿದ.

ಪಂಚಮಿಯ ದಿನ ಒಂಬತ್ತಕ್ಕೆ ಮಗನನ್ನು ಒಳಗೆ ಒಯ್ದರು. ಗಂಡ ಹೆಂಡತಿ ವರಾಂಡದ ಬೆಂಚಿನ ಮೇಲೆ ಕೂತರು. ಮಳೆ ನಿಂತು ಹೊಳವಾಗಿತ್ತು. ಎದುರಿನ ರಸ್ತೆಯಲ್ಲಿ ಹೊಸ ಸೀರೆಯ ಹೆಣ್ಣುಮಕ್ಕಳು ಹಾಲಿನ ಗಿಂಡಿ ಹಿಡಿದು ನಾಗಪ್ಪನಿಗೆ ಹಾಲೆರೆಯಲು ಹೋಗುತ್ತಿದ್ದರು. ಅದೇ ಹೊತ್ತಿಗೆ ಬಾಳವ್ವ ಉಂಡಿಯ ಡಬ್ಬಿ ತಂದು ಕೊಟ್ಟು, ಏನೂ ಒದರದೆ ಕೂತು, ಎದ್ದು ಹೋದಳು. ಡಬ್ಬಿಯನ್ನು ಇಬ್ಬರೂ ಮುಟ್ಟಲಿಲ್ಲ.

ಅರ್ಧ ತಾಸು ಆಯಿತು. ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಒಂದು ಸಲ ಮಗ ಚೀರಿದ್ದು ಕೇಳಿತು. ಆಮೇಲೆ ಏನೂ ಇಲ್ಲ. ಚೀರಿದ್ದಕ್ಕಿಂತ ಅದು ಕಷ್ಟ.

"ನಿನಗ ಯಾವಾಗಿಂದ ಗೊತ್ತಿತ್ತು?" ಅಂದ ತಮ್ಮಣ್ಣ. ರಸ್ತೆಯ ಕಡೆಗೇ ನೋಡುತ್ತಿದ್ದ.

"ಮೊದಲನೇ ದಿನದಿಂದ."

"ಮತ್ತ ನಾ ಚಲೋ ಐತಿ ಅಂದಾಗೆಲ್ಲ ಹೂಂ ಅಂತಿದ್ದಿ?"

"ನೀವು ಅನ್ನಾಕತ್ತಿದ್ರಿ. ನಾ ಹೂಂ ಅನ್ನಾಕತ್ತಿದ್ನಿ."

"ಎಂಥಾ ಕಳ್ಳಿ ಇದ್ದೀ ನೀ."

"ನೀವೇನ ಕಡಿಮಿ?"

ಅವನು ನಕ್ಕನೋ ಅತ್ತನೋ ಅವಳಿಗೆ ತಿಳಿಯಲಿಲ್ಲ. ಧೋತರದ ಚುಂಗಿನಿಂದ ಮುಖ ಒರೆಸಿಕೊಂಡ. ಆಮೇಲೆ ಬೆಂಚಿನ ಮೇಲಿದ್ದ ಅವಳ ಕೈಯನ್ನು ಹಿಡಿದ. ಹಗಲು, ಮಂದಿಯ ಎದುರು. ಮಣ್ಣಿನ ಕೈ, ಒರಟು. ಅವಳು ಬಿಡಿಸಿಕೊಳ್ಳಲಿಲ್ಲ. ಸಿಸ್ಟರ್ ಹಾದು ಹೋದರು, ವಾರ್ಡಬಾಯಿ ಹಾದು ಹೋದಳು, ಅವನೂ ಬಿಡಲಿಲ್ಲ.

"ಒಯ್ದಿದ್ರ ನಾನ ಕೊಂದಂಗ ಆಗತಿತ್ತು" ಅಂದ.

"ಒಯ್ದಿಲ್ಲಲ್ಲ."

"ನನಗ ಬೆನ್ನ ಬಡೀಬೇಕಂತ ಗೊತ್ತಿತ್ತು. ಬೇಕಂತ ಬಡೀಲಿಲ್ಲ."

"ಗೊತ್ತೈತಿ" ಅಂದಳು.

ಬಾಗಿಲು ತೆರೆಯಿತು. ಮಗ ಕಣ್ಣು ಮುಚ್ಚಿದ್ದ. ಪಕ್ಕೆಯಿಂದ ಕೆಂಪು ರಬ್ಬರಿನ ನಳಿಕೆ ಬಂದು ಕೆಳಗೆ ಒಂದು ಗಾಜಿನ ಬಾಟಲಿಯ ನೀರಿನಲ್ಲಿ ಮುಳುಗಿತ್ತು. ನೀರಿನಲ್ಲಿ ಗುಳ್ಳೆ ಏಳುತ್ತಿತ್ತು. "ಗುಳ್ಳಿ ಬರಾಕತ್ತಾವಂದ್ರ ಹುಡುಗ ಉಸರ ಆಡಾಕತ್ತಾನ" ಅಂತ ವಾರ್ಡಬಾಯಿ ತಿಳಿಸಿ ಹೇಳಿದಳು. ಅಂದಿನಿಂದ ಅವರಿಬ್ಬರೂ ಮಗನ ಮುಖಕ್ಕಿಂತ ಹೆಚ್ಚು ಆ ಬಾಟಲಿಯನ್ನೇ ನೋಡಿದರು. ಬಾಟಲಿಯಲ್ಲಿ ಕೀವು ಏರುತ್ತಾ ಹೋಯಿತು, ಬದಲಿಸಿದರು, ಮತ್ತೆ ಏರಿತು, ಆಮೇಲೆ ಏರಲಿಲ್ಲ. ಎಂಟನೆಯ ದಿನ ನಳಿಕೆ ತೆಗೆದರು. ಗುರುಪುತ್ರ ಬಲಮಗ್ಗುಲಿಗೆ ಹೊರಳಿ ನಿದ್ದೆ ಮಾಡಿದ.

ಆ ಹನ್ನೊಂದು ದಿನ ಸಾವಂತ್ರವ್ವ ಕೇಳಲಿಲ್ಲ, ತಮ್ಮಣ್ಣ ಚಲೋ ಐತಿ ಅನ್ನಲಿಲ್ಲ. ಡಾ‌ಕ್ಟರು ಬಡಿದಾಗ ಕಿಟಕಿಯ ಆ ಕಡೆಯಿಂದ ಅವನು ಈ ಕಡೆ ನೋಡುವನು, ಅವಳು ಆ ಕಡೆ ನೋಡುವಳು. ದಬ್ ಅನ್ನುವುದು ದಿನದಿಂದ ದಿನಕ್ಕೆ ಬೆರಳಗಲ ಕೆಳಗೆ ಇಳಿಯಿತು. ಇಬ್ಬರಿಗೂ ಕೇಳುತ್ತಿತ್ತು.

ಮನೆಗೆ ಕಳಿಸುವಾಗ ಡಾಕ್ಟರು ಒಂದು ಮಾತು ಹೇಳಿದರು. ಹುಡುಗನ ಎಡ ಪುಪ್ಪಸ ಮೊದಲಿನ ಹಾಗೆ ಆಗುವುದಿಲ್ಲ. ಹೊಗೆ, ಧೂಳು ತಾಗಿಸಬೇಡಿ.

ಹಂಚಿನ ಭಟ್ಟಿ ಅಂದರೆ ಹೊಗೆ ಮತ್ತು ಧೂಳು. ಬೇರೆ ಏನಿದೆ ಅಲ್ಲಿ? ಗುರುಪುತ್ರ ಹುಟ್ಟಿದಾಗಲೇ ತಮ್ಮಣ್ಣ ಅವನ ಬೆರಳು ನೋಡಿ, "ಗಿಣ್ಣ ಚಲೋ ಅದಾವು" ಅಂದಿದ್ದ. ರೈಲಿನಲ್ಲಿ ಬರುವಾಗ ಹೆಂಡತಿಗೆ ಹೇಳಿದ: "ಇವ ಕಾರಖಾನಿ ಕಡೆ ಬರೂದ ಬ್ಯಾಡ. ಸಾಲಿ ಕಲೀಲಿ, ಏನರ ಮಾಡ್ಲಿ." ಅಷ್ಟೇ ಹೇಳಿ ಕಿಟಕಿಯ ಹೊರಗೆ ನೋಡುತ್ತ ಕೂತ. ಅವನ ವಂಶದಲ್ಲಿ ಹಂಚು ಬಡಿಯುವ ಕೆಲಸ ಆ ರೈಲಿನಲ್ಲಿ ಮುಗಿಯಿತು. ಅದಕ್ಕೆ ಅವನು ಒಂದು ದಿನವೂ ಹಲುಬಲಿಲ್ಲ.

ಬಂದ ಮರುದಿನವೇ ನಡುಮನೆಯ ಮೂಲೆಯ ಒಲೆಯನ್ನು ಗುದ್ದಲಿಯಿಂದ ಒಡೆದ. ಹಿತ್ತಲಿನಲ್ಲಿ ನಾಲ್ಕು ಕಂಬ ನೆಟ್ಟು, ಮೇಲೆ ಹಂಚು ಹೊದಿಸಿ, ಅಲ್ಲಿ ಹೊಸ ಒಲೆ ಹಾಕಿದ. ಸಾವಂತ್ರವ್ವನ ಅತ್ತೆ, "ಮನಿ ಒಲಿ ಹೊರಗ ಹಾಕಿದ್ರ ಲಕ್ಷ್ಮಿ ಹೊರಗ ಹೋಗತಾಳ" ಅಂದಳು. "ಹೋಗ್ಲಿ, ಮಗ ಒಳಗ ಇರ್ಲಿ" ಅಂದ.

ಆ ಮೇಲಿನ ವರ್ಷಗಳು ಒಳ್ಳೆಯ ವರ್ಷಗಳು. ಕಾರಖಾನೆಯಲ್ಲಿ ತಮ್ಮಣ್ಣ ಈ ಕಥೆಯನ್ನು ತಾನೇ ಎಲ್ಲರಿಗೂ ಹೇಳಿದ. "ನನಕಿಂತ ನಮ್ಮ ಮನಿಯಾಕಿ ಕಿವಿ ಚುರಕ" ಅನ್ನುವನು. ಮಂದಿ ನಕ್ಕರೆ ತಾನೂ ನಗುವನು. ಒಮ್ಮೊಮ್ಮೆ ಸಂಜೆ ಬರುವಾಗ ಒಂದು ಹಂಚು ಅಂಗಿಯೊಳಗೆ ಇಟ್ಟುಕೊಂಡು ಬರುವನು. ಒಳ್ಳೆಯದೋ ಒಡಕೋ ಅವನಿಗೆ ಗೊತ್ತಾಗದ ಹಂಚು. ಕಟ್ಟೆಯ ಮೇಲೆ ಕೂತು ಅವಳ ಮುಂದೆ ಹಿಡಿಯುವನು. ಅವಳು ಬಡಿದು ಕಣ್ಣು ಮುಚ್ಚಿ ಕೇಳುವಳು.

"ಒಡಕ ಐತಿ. ಮೂಲ್ಯಾಗ."

"ನಾನೂ ಹಂಗ ಅಂದ್ಕೊಂಡಿದ್ನಿ" ಅನ್ನುವನು. ಅಂದುಕೊಂಡಿರುತ್ತಿರಲಿಲ್ಲ.

ಮದರಬೀ ಮಗಳ ಮದುವೆಗೆ ಕರೆದಳು, ಹೋಗಿ ಬಂದರು. ಮದುಮಗಳು ಸ್ವಲ್ಪವೂ ಕುಂಟುತ್ತಿರಲಿಲ್ಲ. ಗುರುಪುತ್ರ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಕೂತ. ಈಗ ಬಸ್ ಸ್ಟ್ಯಾಂಡಿನ ಎದುರು ಅಮೀನಸಾಬನ ಗಡಿಯಾರದ ಅಂಗಡಿಯಲ್ಲಿ ರಿಪೇರಿ ಮಾಡುತ್ತಾನೆ. ಗಾಜಿನ ಕಪಾಟು, ಧೂಳಿಲ್ಲದ ಕೆಲಸ.

ತಮ್ಮಣ್ಣ ಹೋಗಿ ಎರಡು ವರ್ಷ ಆಯಿತು. ಮಗನಿಗೆ ಇಪ್ಪತ್ತು. ಗಟ್ಟಿಯಾಗಿದ್ದಾನೆ. ಅಂಗಿ ಬಿಚ್ಚಿದರೆ ಎಡ ಪಕ್ಕೆಯಲ್ಲಿ ಬೆರಳಗಲದ ಕಲೆ, ಅಷ್ಟೇ. ಹೋದ ಮಳೆಗಾಲದಲ್ಲಿ ಅವನು ಸೀಮೆಎಣ್ಣೆಯ ಸ್ಟೋ ತಂದ.

"ಎವ್ವಾ, ಮಳ್ಯಾಗ ಹೊರಗ ಯಾಕ ಸಾಯ್ತಿ? ಒಳಗ ಚಾ ಮಾಡು. ನನಗೇನೂ ಆಗಂಗಿಲ್ಲ."

"ಅದೂ ಹೊಗಿ ಬಿಡತೈತಿ."

"ಎಲ್ಲಿ ಹೊಗಿ?"

"ನಿನಗ ಕಾಣಂಗಿಲ್ಲ."

ಸ್ಟೋ ಗೋಡೆಯ ಮಾಡದಲ್ಲಿ ಹಾಗೇ ಇದೆ.

ಈಗಲೂ ದಿನಾ ಕೋಳಿ ಕೂಗುವ ಹೊತ್ತಿಗೆ ಸಾವಂತ್ರವ್ವ ಏಳುತ್ತಾಳೆ. ಮಗ ಮಲಗಿದ ನಡುಮನೆಯ ಬಾಗಿಲನ್ನು ಮುಂದೆ ಎಳೆದು, ಕೆಳಗಿನ ಸಂದಿಗೆ ಹಳೆಯ ಗೋಣಿಚೀಲ ಒತ್ತುತ್ತಾಳೆ. ಹಿತ್ತಲಿಗೆ ಹೋಗಿ ಬೂದಿ ತೆಗೆದು, ಸೆಗಣಿ ಸಾರಿಸಿ, ಕಟ್ಟಿಗೆ ಒಟ್ಟಿ ಒಲೆ ಹಚ್ಚುತ್ತಾಳೆ. ಹಸಿ ಕಟ್ಟಿಗೆ ಬಂದಿದ್ದರೆ ಹೊಗೆ ಬಾಗಿಲ ಕಡೆ ತಿರುಗುತ್ತದೆ. ಆಗ ಮೊರ ಹಿಡಿದು ನಿಂತು, ಅದನ್ನು ಹೊಳೆಯ ಕಡೆ ಬೀಸಿ ಬೀಸಿ ಕಳಿಸುತ್ತಾಳೆ. ಉರಿ ನಿಚ್ಚಳವಾಗಿ ಹೊಗೆ ಪೂರ್ತಿ ನಿಂತ ಮೇಲೆ ಮಗನ ಸ್ನಾನದ ನೀರು ಇಟ್ಟು, ಗೋಣಿ ಸರಿಸಿ, ಬಾಗಿಲು ತೆರೆಯುತ್ತಾಳೆ.